ಅಂಚಮ್ಮನ ತುಟಿ

ನಾನು ಯಾರನ್ನೂ ಸುಮ್ಮಸುಮ್ಮನೆ ಹೊಗಳುವವಳಲ್ಲ. ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ‘ಅವಳ ಬಾಯಲ್ಲಿ ಒಳ್ಳೆ ಮಾತಾ? ಅದೃಷ್ಟ ಇರಬೇಕು ಬಿಡಿ’ ಎನ್ನುತ್ತಾರೆ. ಅದರಲ್ಲೂ ಅತ್ತೆಯನ್ನು ಹೊಗಳುವ ಸೊಸೆ ಎಂದರೆ ನನಗೇ ನಗು ಬರುತ್ತದೆ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನಾವಿಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಕಿಟಕಿಯ ಬೆಳಕಿಗೆ ಕುಳಿತು ಕೆಲಸ ಮಾಡುತ್ತ ಬಂದವರು. ಅವರು ನನ್ನ ಹೊಲಿಗೆಗೆ ಹೆಸರಿಟ್ಟರೆ ನಾನು ಅವರ ನಿಧಾನಕ್ಕೆ ಹೆಸರಿಡುತ್ತೇನೆ. ಹೀಗಿದ್ದೂ ಇವತ್ತು ಅವರ ವಿಷಯ ಹೇಳಲು ಕುಳಿತಿದ್ದೇನೆ, ಹೇಳದಿದ್ದರೆ ನನಗೆ ಉಂಡದ್ದು ಜೀರ್ಣವಾಗುವುದಿಲ್ಲ.

ನಮ್ಮದು ಮೆತ್ತನೆಯ ಚರ್ಮದ ಕೆಲಸ. ಪರ್ಸು, ಕನ್ನಡಕದ ಚೀಲ, ಹೆಂಗಸರ ಕೈಚೀಲ, ಅಂಥವು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಉದ್ದನೆ ಮೇಜಿನ ಮೇಲೆ ಚರ್ಮ ಹಾಸಿ ಕತ್ತರಿಸುವವರು ನಮ್ಮ ಯಜಮಾನರು. ಹೊಲಿಗೆ ಯಂತ್ರ ನನ್ನದು. ಕಿಟಕಿಯ ಕೆಳಗೆ ಚಾಪೆ ಹಾಕಿ, ಕಾಲು ಚಾಚಿ, ತೊಡೆಯ ಮೇಲೊಂದು ನುಣ್ಣನೆ ಕಲ್ಲಿನ ಹಲಗೆ ಇಟ್ಟುಕೊಂಡು ಅಂಚು ಕಟ್ಟುವವರು ನಮ್ಮ ಅತ್ತೆ. ಬೀದಿಯವರಿಗೆ ಅವರು ಅಂಚಮ್ಮ. ನಿಜವಾದ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

ಅಂಚು ಎಂದರೆ ಏನು ಮಹಾ ಎಂದು ನಾನೂ ಮೊದಮೊದಲು ಅಂದುಕೊಂಡಿದ್ದೆ. ಬೆಲ್ಟಿನಂಥ ಗಟ್ಟಿ ಚರ್ಮವಾದರೆ ಸರಿ, ಅಂಚನ್ನು ಉಜ್ಜಿ ಉಜ್ಜಿ ಹೊಳಪು ತರಬಹುದು. ಮೆತ್ತನೆ ಚರ್ಮ ಹಾಗೆ ಮಾತು ಕೇಳುವುದಿಲ್ಲ. ಉಜ್ಜಿದರೆ ಮುದುಡುತ್ತದೆ, ಹಾಗೇ ಬಿಟ್ಟರೆ ಪುಡಿಪುಡಿಯಾಗಿ ಎದ್ದು ಬರುತ್ತದೆ. ಅದನ್ನು ಒಳಕ್ಕೆ ಮಡಿಸಿ ಅಂಟಿಸಲೇಬೇಕು. ಬರೀ ಮಡಿಸಿದರೆ ಅಲ್ಲಿ ಎರಡು ಪದರ ಸೇರಿ ದಪ್ಪವಾಗುತ್ತದೆ. ಅದಕ್ಕೇ ಮಡಿಸುವ ಮೊದಲು ಅಂಚಿನ ಒಳಮೈಯನ್ನು ರಂಪಿಗೆಯಿಂದ ಹೆರೆದು ತೆಳ್ಳಗೆ ಮಾಡಬೇಕು. ರಂಪಿಗೆ ಎಂದರೆ ಚರ್ಮ ಕೊಯ್ಯುವ ಅಗಲ ಬಾಯಿಯ ಚಾಕು. ಅತ್ತೆ ಹೆರೆದ ಅಂಚನ್ನು ಹಳೇ ಪೇಪರಿನ ಮೇಲಿಟ್ಟರೆ ಕೆಳಗಿನ ಅಕ್ಷರ ಮಬ್ಬಾಗಿ ಕಾಣುತ್ತದೆ, ಆದರೂ ಚರ್ಮ ಹರಿದಿರುವುದಿಲ್ಲ. ನಾನು ಒಂದು ಸಲ ಕೈ ಹಾಕಿ ನೋಡಿದೆ. ಒಳ್ಳೆಯ ತುಂಡೊಂದು ಹರಿದು ಜರಡಿಯಾಯಿತು, ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಹೆರೆದ ಮೇಲೆ ಅಂಟು. ಅಂಟು ಸವರಿ ಸುಮ್ಮನೆ ಕೂರಬೇಕು. ಬೆರಳಿನ ಹಿಂಭಾಗ ತಾಗಿಸಿದರೆ ಹಿಡಿಯಬೇಕು, ಆದರೆ ಮೆತ್ತಿಕೊಳ್ಳಬಾರದು, ಅಷ್ಟು ಒಣಗುವ ತನಕ ಕಾಯಬೇಕು. ನನಗೆ ಈ ಕಾಯುವುದೇ ಪ್ರಾಣಸಂಕಟ. ‘ಅತ್ತೆ, ಬೇಗ ಮಡಿಸಿ ಕೊಡಿ, ಯಂತ್ರ ಖಾಲಿ ನಿಂತಿದೆ’ ಎಂದರೆ ಅವರದು ಒಂದೇ ಉತ್ತರ: ‘ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಿನ್ನಂಥವರನ್ನ ನೋಡಿಯೇ ಹೇಳಿದ್ದು ಕಣೇ.’ ಆಮೇಲೆ ಉಗುರಿನಿಂದ ಅಂಚನ್ನು ಮಡಿಸಿ, ನುಣುಪಾದ ಎಲುಬಿನ ಪಟ್ಟಿಯಿಂದ ಉಜ್ಜಿ ಕೂರಿಸುತ್ತಾರೆ. ಮೂಲೆ ಬಂದರೆ ಹೆಚ್ಚಾದ ಚರ್ಮವನ್ನು ಸೂಜಿಮೊನೆಯಿಂದ ಸಣ್ಣ ಸಣ್ಣ ನಿರಿಗೆ ಹಿಡಿದು ಒಂದರ ಪಕ್ಕ ಒಂದನ್ನು ಮಲಗಿಸುತ್ತಾರೆ. ನೋಡುವವರಿಗೆ ಅಲ್ಲಿ ನಿರಿಗೆ ಇದೆ ಎಂದೇ ತಿಳಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನಮ್ಮ ಬೀದಿಗೆಲ್ಲ ತಮಾಷೆಯಾದ ಕೆಲಸ ಬರುತ್ತದೆ. ಅತ್ತೆ ಕಣ್ಣು ಮುಚ್ಚಿ ಆ ಅಂಚನ್ನು ಕೆಳತುಟಿಯ ಮೇಲೆ ಈ ಕಡೆಯಿಂದ ಆ ಕಡೆಗೆ ಹಾಯಿಸುತ್ತಾರೆ. ಎಲ್ಲೋ ಒಂದು ಕಡೆ ನಿಲ್ಲಿಸಿ, ಉಗುರಿನಿಂದ ಗುರುತು ಮಾಡಿ, ಮತ್ತೆ ಬಿಚ್ಚುತ್ತಾರೆ. ನಾವು ಬೆರಳಾಡಿಸಿದರೆ ಅಲ್ಲಿ ಏನೂ ಸಿಗುವುದಿಲ್ಲ. ಕೇಳಿದರೆ, ‘ನಿಮಗೆ ಬೆರಳಿದೆ, ನನಗೆ ತುಟಿಯಿದೆ’ ಎನ್ನುತ್ತಾರೆ. ಎದುರುಮನೆಯಾಕೆ ಕಿಟಕಿಯಿಂದ ಇಣುಕಿ, ‘ಏನ್ ಅಂಚಮ್ಮ, ಇವತ್ತು ಎಷ್ಟು ಪರ್ಸಿಗೆ ಮುತ್ತು ಕೊಟ್ರಿ?’ ಎಂದು ದಿನವೂ ಕೇಳುತ್ತಾಳೆ. ‘ನಿನ್ನ ಗಂಡನ ಪರ್ಸು ಬಿಟ್ಟು ಎಲ್ಲದಕ್ಕೂ ಕೊಟ್ಟೆ’ ಎಂದು ಇವರೂ ದಿನವೂ ಹೇಳುತ್ತಾರೆ. ಇಬ್ಬರಿಗೂ ಇನ್ನೂ ಬೇಜಾರು ಬಂದಿಲ್ಲ.

ಈ ತುಟಿಯ ವಿದ್ಯೆ ಯಾರೂ ಹೇಳಿಕೊಟ್ಟದ್ದಲ್ಲ. ಅತ್ತೆ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಅಂಚು ಕಟ್ಟುತ್ತಿದ್ದವರು ಅವರ ಮಾವ. ಮುದುಕರಿಗೆ ಕೈ ನಡುಗಲು ಶುರುವಾಯಿತು. ಮಕ್ಕಳಿಗೆಲ್ಲ ಕತ್ತರಿ ಬೇಕಿತ್ತು. ಕತ್ತರಿ ಹಿಡಿದವನು ಯಜಮಾನ, ಅಂಚು ಹಿಡಿದವನು ಆಳು ಎಂಬ ಭಾವನೆ. ಕೊನೆಗೆ ಅವರು ಒಲೆ ಮುಂದಿದ್ದ ಸೊಸೆಯನ್ನು ಕರೆದು ಕೈಗೆ ರಂಪಿಗೆ ಕೊಟ್ಟರು. ಅತ್ತೆಯ ತಾಯಿ ದರ್ಜಿಗಳಿಗೆ ಕಾಜಾ, ಎಂದರೆ ಗುಂಡಿ ಹಾಕುವ ತೂತಿನ ಅಂಚು, ಹೊಲಿದು ಕೊಡುತ್ತಿದ್ದವಳು. ಚಿಕ್ಕಂದಿನಿಂದ ಅದನ್ನು ನೋಡಿ ಬೆಳೆದ ಕೈಗೆ ಸಣ್ಣ ಕೆಲಸದ ಸಹನೆ ಇತ್ತು. ಆದರೆ ವರ್ಷ ಕಳೆದಂತೆ ಅಂಟು ಕೂತು ಕೂತು, ರಂಪಿಗೆ ಒತ್ತಿ ಒತ್ತಿ ಬೆರಳ ತುದಿ ಜಡ್ಡುಗಟ್ಟಿತು. ಕೈಗೆ ಅಂಚು ತಿಳಿಯದಾಯಿತು. ಒಂದು ದಿನ ಮಗುವಿಗೆ, ಎಂದರೆ ನಮ್ಮ ಯಜಮಾನರಿಗೆ, ಜ್ವರ. ಹಣೆಗೆ ಕೈಯಿಟ್ಟರೆ ಏನೂ ಗೊತ್ತಾಗಲಿಲ್ಲ. ತುಟಿ ಇಟ್ಟ ತಕ್ಷಣ ಗೊತ್ತಾಯಿತು. ಮಗು ಮಲಗಿದ ಮೇಲೆ ಬಂದು, ಅರ್ಧಕ್ಕೆ ಬಿಟ್ಟಿದ್ದ ಪರ್ಸನ್ನು ತುಟಿಗಿಟ್ಟು ನೋಡಿದರಂತೆ. ಅವತ್ತು ಹಿಡಿದ ದಾರಿಯನ್ನು ಇವತ್ತಿನವರೆಗೂ ಬಿಟ್ಟಿಲ್ಲ.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವವಳು ನನ್ನ ಒಡಹುಟ್ಟಿದ ಅಕ್ಕ. ಗಂಡನಿಲ್ಲ, ಮಕ್ಕಳಿಲ್ಲ, ಆ ಮೇಜೇ ಅವಳ ಸಂಸಾರ. ಅವಳು ಇಸ್ತ್ರಿ ಹಾಕಿದ ಅಂಗಿಯನ್ನು ಮಡಿಕೆ ಬಿಚ್ಚಲು ಮನಸ್ಸಾಗದೆ ಹಾಗೇ ಇಟ್ಟುಕೊಳ್ಳುವವರಿದ್ದಾರೆ. ಹೋದ ವರ್ಷ, ಮೇಜಿನ ಕಾಲು ಜಾರಿ, ಬಿಸಿ ಇಸ್ತ್ರಿಪೆಟ್ಟಿಗೆ ಅವಳ ಎಡಗೈ ಮೇಲೆ ಬಿತ್ತು. ಅಂಗೈ, ಹೆಬ್ಬೆರಳಿನ ಬುಡ, ಎಲ್ಲ ಬೆಂದುಹೋಯಿತು. ತಿಂಗಳುಗಟ್ಟಲೆ ಆಸ್ಪತ್ರೆ ಅಲೆದು ಗಾಯವೇನೋ ಮಾಗಿತು. ಆದರೆ ಮೇಲೆ ಬಂದ ಹೊಸ ಚರ್ಮ ಈರುಳ್ಳಿ ಸಿಪ್ಪೆಗಿಂತ ತೆಳು. ಬಟ್ಟೆಯ ಮೇಲೆ ಕೈ ಸವರಿದರೆ ಬಿರಿದು ರಕ್ತ ಬರುತ್ತಿತ್ತು.

‘ಒಂದು ಕೈ ಇದೆಯಲ್ಲ’ ಎಂದು ಯಾರೋ ಬುದ್ಧಿವಂತರು ಅವಳಿಗೆ ಸಮಾಧಾನ ಹೇಳಿದರು. ಅಕ್ಕ ಅವರ ಮುಖ ನೋಡಿ ಹೇಳಿದಳು: ‘ಬಲಗೈ ಬರೀ ಭಾರ ಹಾಕುತ್ತೆ ಸ್ವಾಮಿ. ಮುಂದೆ ಹೋಗಿ ಸುಕ್ಕು ಬಿಡಿಸಿ ದಾರಿ ಮಾಡೋದು ಎಡಗೈ. ಎಡಗೈ ಇಲ್ಲದೆ ಒತ್ತಿದ್ರೆ ಅದು ಇಸ್ತ್ರಿಯಲ್ಲ, ಸುಕ್ಕಿಗೇ ಗಂಜಿ ಹಾಕಿದ ಹಾಗೆ.’ ಬಟ್ಟೆಯ ಗವಸು ಹಾಕಿಕೊಂಡು ನೋಡಿದಳು, ಅದರ ಹೊಲಿಗೆ ಚುಚ್ಚಿತು. ರಬ್ಬರಿನದ್ದು ಹಾಕಿದಳು, ಒಳಗೆ ಬೆವರಿ ಚರ್ಮ ಬೆಂದ ಹಾಗಾಯಿತು. ಕೊನೆಗೆ ಈ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡುತ್ತೇನೆ ಎಂದು ಕಟ್ಟಡದ ಮಾಲೀಕನಿಗೆ ಹೇಳಿಬಂದಳು. ನನ್ನ ಬಳಿ ಬಂದು ಹೇಳುವಾಗ ಅಳಲಿಲ್ಲ. ಅತ್ತಿದ್ದರೆ ನನಗೂ ಬೈಯಲು ಒಂದು ದಾರಿ ಇರುತ್ತಿತ್ತು.

ಕಿಟಕಿಯ ಕೆಳಗೆ ಅಂಚು ಹೆರೆಯುತ್ತಿದ್ದ ಅತ್ತೆ ತಲೆ ಎತ್ತಿದರು. ‘ಕೈ ಇಲ್ಲಿ ಕೊಡಮ್ಮ’ ಎಂದರು. ಅಕ್ಕ ಆ ಕೈಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ನನಗೂ ಬಿಟ್ಟಿರಲಿಲ್ಲ. ದೂರದಿಂದ ತೋರಿಸಿದಳು. ಅತ್ತೆ ಮುಟ್ಟಲಿಲ್ಲ. ಕಾಗದ ತರಿಸಿ, ಅದರ ಮೇಲೆ ಕೈಯ ನೆರಳು ಬೀಳಿಸಿ ಅಳತೆ ಬರೆದುಕೊಂಡರು. ‘ಮೆತ್ತನೆ ಚರ್ಮದಲ್ಲಿ ಒಂದು ಗವಸು ಮಾಡಿ ಕೊಡ್ತೀನಿ. ಅಂಗಡಿ ಆಮೇಲೆ ಬಿಡುವೆಯಂತೆ’ ಎಂದರು.

ನಮ್ಮ ಬಳಿ ಇದ್ದದ್ದರಲ್ಲೇ ಮೆತ್ತನೆಯ ಆಡುಮರಿಯ ಚರ್ಮವನ್ನು ಯಜಮಾನರು ತೆಗೆದರು. ಬೆರಳುಗಳು ಹೊರಗಿರಬೇಕು, ಅಂಗೈ ಮಾತ್ರ ಮುಚ್ಚಬೇಕು, ಹಿಂಗೈ ಮೇಲೆ ಗುಂಡಿ. ನಾನು ಯಂತ್ರಕ್ಕೆ ಸಣ್ಣ ಸೂಜಿ ಹಾಕಿ ತಯಾರಾದೆ. ‘ಹೊಲಿಗೆ ಬೇಡ’ ಎಂದರು ಅತ್ತೆ. ನನಗೆ ಮೂಗಿನ ತುದಿಗೆ ಕೋಪ ಬಂತು. ‘ನನ್ನ ಅಕ್ಕನಿಗೆ ಮಾಡೋದು, ನಾನು ಒಂದು ಹೊಲಿಗೆ ಹಾಕೋದು ಬೇಡವಾ?’ ಎಂದೆ. ‘ಹೊಲಿಗೆ ಇದ್ದಲ್ಲಿ ಅಂಚು ಇರುತ್ತೆ. ಇರೋ ಅಂಚನ್ನೇ ಹೇಗಪ್ಪಾ ಇಲ್ಲ ಅನ್ನಿಸೋದು ಅಂತ ನಾನು ತಲೆ ಕೆಡಿಸ್ಕೊಂಡಿದ್ದೀನಿ, ನೀನು ಇನ್ನಷ್ಟು ತಂದು ಹಾಕ್ಬೇಡ’ ಎಂದರು. ಹೀಗೆ ಒಂದೇ ತುಂಡಿನಲ್ಲಿ ಗವಸು ಮಾಡುವುದೆಂದಾಯಿತು. ಸುತ್ತ ಅಂಚು, ನಡುವೆ ಹೆಬ್ಬೆರಳಿಗೊಂದು ತೂತು.

ತೂತೇ ಶನಿ. ಹೊರಗಿನ ಮೂಲೆಯಲ್ಲಿ ಚರ್ಮ ಹೆಚ್ಚಾಗುತ್ತದೆ, ನಿರಿಗೆ ಹಿಡಿಯಬಹುದು. ತೂತಿನ ಅಂಚನ್ನು ಹಿಂದಕ್ಕೆ ಮಡಿಸಿದರೆ ಚರ್ಮ ಸಾಲದೆ ಹೋಗುತ್ತದೆ. ಅದಕ್ಕೇ ಎಲ್ಲರೂ ಸುತ್ತಲೂ ಕತ್ತರಿಯಿಂದ ಕಚ್ಚು ಹಾಕಿ ಮಡಿಸುತ್ತಾರೆ. ಒಂದೊಂದು ಕಚ್ಚಿನ ಕೊನೆಯಲ್ಲೂ ಒಂದು ಚೂಪು ಉಳಿಯುತ್ತದೆ. ‘ಹೊರಗಡೆಗೆ ಮಡಿಸಿ ಅತ್ತೆ, ಒಳಗೆ ನುಣ್ಣಗಿರುತ್ತೆ’ ಎಂದೆ. ‘ಹೊರಗೆ ಮಡಿಸಿದ್ರೆ ಅವಳು ಸವರೋ ರೇಷ್ಮೆಗೆಲ್ಲ ಗೆರೆ ಬೀಳುತ್ತೆ. ಆಮೇಲೆ ಗಿರಾಕಿ ಬಾಯಿಗೆ ನೀನು ಉತ್ತರ ಕೊಡ್ತೀಯಾ?’ ಎಂದರು. ಅವರು ಕಚ್ಚೇ ಹಾಕಲಿಲ್ಲ. ಅಂಚನ್ನು ಅಕ್ಷರ ಕಾಣುವಷ್ಟು ತೆಳುವಾಗಿ ಹೆರೆದು, ಒದ್ದೆ ಬಟ್ಟೆಯಲ್ಲಿ ತೇವ ಮಾಡಿ, ಎಲುಬಿನ ಪಟ್ಟಿಯ ತುದಿಯಿಂದ ಎಳೆಯದೆ, ಬರೀ ಒತ್ತಿ ಒತ್ತಿ ಹಿಗ್ಗಿಸಿದರು. ನಾನು ಯಂತ್ರ ನಿಲ್ಲಿಸಿ ನೋಡುತ್ತ ಕುಳಿತೆ. ಸಾಲದೆ ಹೋಗಿದ್ದ ಚರ್ಮ ಸಾಕಾಯಿತು. ತೂತಿನ ಸುತ್ತ ಅಂಚು ತಾನಾಗಿ ಒಳಗೆ ಹೋಗಿ ಮಲಗಿತು.

ಮುಗಿದ ಮೇಲೆ ತುಟಿಯ ಪರೀಕ್ಷೆ. ಒಂದು ಸುತ್ತು, ಎರಡು ಸುತ್ತು ಹಾಯಿಸಿ, ‘ಹ್ಞೂಂ’ ಎಂದರು. ಆ ‘ಹ್ಞೂಂ’ ಕೇಳಲು ನಾವು ಕೆಲವೊಮ್ಮೆ ದಿನಗಟ್ಟಲೆ ಕಾಯುತ್ತೇವೆ.

ಅಕ್ಕ ಬಂದು ಹಾಕಿಕೊಂಡಳು. ನಮ್ಮ ಕತ್ತರಿ ಮೇಜಿನ ಮೇಲೇ ಒಂದು ಅಂಗಿ ಹಾಸಿ ಕೈ ಸವರಿದಳು. ಅವಳ ಮುಖ ಅರಳಿತು. ‘ಅಯ್ಯೋ ದೇವರೇ, ಬಟ್ಟೆ ತಿಳಿಯುತ್ತೆ ಕಣೇ! ಸುಕ್ಕೆಲ್ಲ ಕೈಗೆ ತಿಳಿಯುತ್ತೆ!’ ಎಂದಳು. ಅಂಗಿಯ ಬೆನ್ನು, ತೋಳು ಎಲ್ಲ ಸವರುತ್ತ ಹೋದಳು. ಕಾಲರಿನ ಹತ್ತಿರ ಬಂದಾಗ ಕೈ ನಿಂತಿತು. ‘ಇಲ್ಲೇನೋ ಇದೆ’ ಎಂದಳು. ಗವಸು ಬಿಚ್ಚಿದರೆ ಹೆಬ್ಬೆರಳಿನ ಬುಡದಲ್ಲಿ ಕೆಂಪು ಗೆರೆ ಎದ್ದಿತ್ತು.

ಅತ್ತೆ ಗವಸನ್ನು ತುಟಿಗಿಟ್ಟರು. ಏನೂ ಸಿಗಲಿಲ್ಲ. ಮತ್ತೆ ಇಟ್ಟರು, ತಿರುಗಿಸಿ ಇಟ್ಟರು, ಏನೂ ಸಿಗಲಿಲ್ಲ. ಯಜಮಾನರು ಬೆಳಕಿಗೆ ಹಿಡಿದು ನೋಡಿದರು, ನಾನು ನೋಡಿದೆ, ನುಣ್ಣಗೆ ಬೆಣ್ಣೆಯ ಹಾಗಿತ್ತು. ನನಗೆ ತಡೆಯಲಾಗಲಿಲ್ಲ. ‘ಅಕ್ಕ, ನೀನು ಮೊಸರಲ್ಲಿ ಕಲ್ಲು ಹುಡುಕ್ತಿದ್ದೀಯ. ಭಯಕ್ಕೆ ಹಾಗನ್ನಿಸುತ್ತೆ ಅಷ್ಟೆ’ ಎಂದುಬಿಟ್ಟೆ.

‘ಬಾಯಿ ಮುಚ್ಚು’ ಎಂದರು ಅತ್ತೆ. ನನಗೆ ದಿನವೂ ಬೈಯುವವರೇ, ಆದರೆ ಆ ದನಿ ನಾನು ಕೇಳಿರಲಿಲ್ಲ. ‘ಅವಳ ಕೈ ಇದೆ ಅಂದ್ರೆ ಇದೆ. ಕಿವುಡಾಗಿರೋದು ನನ್ನ ತುಟಿ.’ ಆಮೇಲೆ ಅಕ್ಕನ ಕಡೆ ತಿರುಗಿ, ‘ಹೇಗಾಗುತ್ತೆ ಹೇಳಮ್ಮ, ನನಗೆ ತಿಳಿಯೋ ಹಾಗೆ ಹೇಳು’ ಎಂದು ಕೇಳಿದರು.

ಅಕ್ಕ ಸ್ವಲ್ಪ ಯೋಚಿಸಿದಳು. ‘ಬಿಸಿ ಕುಡಿದು ತುಟಿ ಸುಟ್ಕೊಂಡಿರ್ತೀವಲ್ಲಮ್ಮ, ಸಿಪ್ಪೆ ಎದ್ದ ಮೇಲೆ ಗಾಳಿ ಬಂದು ಹೋದ್ರೂ ಗೊತ್ತಾಗುತ್ತಲ್ಲ, ಹಾಗೆ. ಅಂಗೈಯೆಲ್ಲ ಹಾಗೆ’ ಎಂದಳು.

ಅತ್ತೆ ಮರುದಿನ ಹೊಸ ತುಂಡು ತೆಗೆದು ಇನ್ನೊಂದು ಮಾಡಿದರು. ಇನ್ನೂ ತೆಳುವಾಗಿ ಹೆರೆದಿದ್ದರು. ಅದೂ ಅದೇ ಜಾಗದಲ್ಲಿ ಗೆರೆ ಎಬ್ಬಿಸಿತು. ಅಕ್ಕ ಗವಸನ್ನು ಮಡಿಸಿ ಮೇಜಿನ ಮೇಲಿಟ್ಟು, ‘ಇರಲಿ ಬಿಡಿ ಅಮ್ಮ, ನೀವು ಪಟ್ಟ ಪಾಡೇ ಸಾಕು’ ಎಂದು ಹೊರಟುಹೋದಳು. ತಿಂಗಳು ಮುಗಿಯುತ್ತ ಬಂದಿತ್ತು. ಅಂಗಡಿಯಲ್ಲಿದ್ದ ಹಳೆಯ ಬಟ್ಟೆ ಗಂಟುಗಳನ್ನು ಅವಳು ಗಿರಾಕಿಗಳ ಮನೆಗೆ ತಿರುಗಿ ಕೊಟ್ಟುಬರುತ್ತಿದ್ದಳು. ಅತ್ತೆ ಅವತ್ತೆಲ್ಲ ರಂಪಿಗೆ ಮುಟ್ಟಲಿಲ್ಲ. ಅವರು ಕೆಲಸವಿಲ್ಲದೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದರ ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದರೆ ಅತ್ತೆ ಒದ್ದೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ತೆಗೆದರೆ ಕೆಳತುಟಿ ಊದಿಕೊಂಡು ಕೆಂಪಾಗಿದೆ. ‘ಏನಾಯ್ತು?’ ಎಂದು ಕಿರುಚಿದೆ. ‘ಹಾಲು ಬಿಸಿ ಇತ್ತು’ ಎಂದರು. ‘ಇಷ್ಟು ವಯಸ್ಸಾಗಿದೆ, ಊದಿ ಕುಡಿಯೋಕೆ ಬರಲ್ವಾ? ಮಕ್ಕಳೇ ವಾಸಿ!’ ಎಂದು ನಾನು ಶುರು ಮಾಡಿದೆ. ಬೆಣ್ಣೆ ಹಚ್ಚಲು ಹೋದರೆ ಬೇಡವೆಂದು ತಲೆ ಹಿಂದಕ್ಕೆ ತೆಗೆದರು. ಕೋಣೆಯಿಂದ ಯಜಮಾನರು, ‘ಅಮ್ಮ ಹಾಲು ಪೂರ್ತಿ ಆರದೆ ಕುಡಿಯೋದೇ ಇಲ್ಲವಲ್ಲ?’ ಎಂದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೈಯುತ್ತಿರುವಾಗ ನನಗೆ ಬೇರೆಯವರ ಮಾತು ಕೇಳಿಸುವುದಿಲ್ಲ.

ಎರಡು ದಿನಕ್ಕೆ ತುಟಿಯ ಸಿಪ್ಪೆ ಎದ್ದು ಒಳಗಿನ ಹಸಿ ಚರ್ಮ ಕಂಡಿತು. ಆ ಬೆಳಿಗ್ಗೆ ಅವರು ಚಾಪೆ ಹಾಸಿ, ಕಲ್ಲು ತೊಡೆಗೆ ಎಳೆದುಕೊಂಡು, ಅಕ್ಕ ಬಿಟ್ಟುಹೋದ ಗವಸನ್ನು ಕೈಗೆ ತೆಗೆದುಕೊಂಡರು. ಕಣ್ಣು ಮುಚ್ಚಿದರು. ತೂತಿನ ಅಂಚಿನ ಒಳಭಾಗವನ್ನು ಆ ಹಸಿ ತುಟಿಯ ಮೇಲೆ ಮೆಲ್ಲಗೆ ಹಾಯಿಸಿದರು. ಇದ್ದಕ್ಕಿದ್ದಂತೆ ಮೈಯೆಲ್ಲ ಜುಂ ಎಂದ ಹಾಗೆ ಅದುರಿ, ಕಣ್ಣಂಚಿನಲ್ಲಿ ನೀರು ಬಂತು. ಆಮೇಲೆ ನಕ್ಕರು. ‘ಸಿಕ್ತು’ ಎಂದರು.

ಆಗ ನನಗೆ ತಿಳಿಯಿತು. ಯಂತ್ರ ನಿಲ್ಲಿಸಿದೆ. ‘ಅತ್ತೆ, ಬೇಕಂತಲೇ ಸುಟ್ಕೊಂಡ್ರಾ?’ ಎಂದು ಕೇಳಿದೆ.

‘ನಿಮ್ಮಕ್ಕನೇ ಹೇಳಿದ್ಲಲ್ಲ, ಹಾಗಿರುತ್ತೆ ಅಂತ.’

‘ಹುಚ್ಚು ಹಿಡಿದಿದೆಯಾ ನಿಮಗೆ?’

‘ಇನ್ಯಾರ ತುಟಿ ಸುಡ್ಲಿ? ನಿಂದಾ? ನಿನ್ನ ಬಾಯಿ ಮೊದಲೇ ಬೆಂಕಿ’ ಎಂದರು. ನಗಲು ಹೋದಾಗ ತುಟಿ ಉರಿದು ‘ಸ್ಸ್’ ಎಂದರು. ನನಗೆ ನಗು ಬರಲಿಲ್ಲ. ಕೋಪವೂ ಬರಲಿಲ್ಲ. ಎಷ್ಟೋ ವರ್ಷದಿಂದ ಪಕ್ಕದಲ್ಲಿ ಕೂತ ಹೆಂಗಸು ಯಾರೆಂದೇ ನನಗೆ ಗೊತ್ತಿರಲಿಲ್ಲವಲ್ಲ ಎನಿಸಿ ಭಯವಾಯಿತು. ದೊಡ್ಡದೇನನ್ನೋ ಎದುರಿಗೆ ಕಂಡಾಗ ಆಗುವ ಭಯ ಅದು.

ಅವರಿಗೆ ಸಿಕ್ಕ ತಪ್ಪು ಚರ್ಮದ್ದಲ್ಲ, ಅಂಟಿನದು. ಅಂಚು ಮಡಿಸಿ ಎಲುಬಿನಿಂದ ಉಜ್ಜುವಾಗ ಕೈ ಯಾವಾಗಲೂ ಮಡಿಕೆಯಿಂದ ಒಳಕ್ಕೆ ಓಡುತ್ತದೆ. ಅಂಚು ಕಟ್ಟುವವರೆಲ್ಲ ಹಾಗೇ ಮಾಡುವುದು. ಅವರ ಮಾವ ಕಲಿಸಿದ್ದೂ ಹಾಗೇ. ಹಾಗೆ ಉಜ್ಜಿದಾಗ ಅಂಟು ಮುಂದೆ ಮುಂದೆ ಸರಿದು, ಹೆರೆದ ಅಂಚು ಮುಗಿಯುವಲ್ಲಿ ಬಂದು ಕೂತು, ಒಣಗಿ ಕೂದಲೆಳೆಯಂಥ ಗಟ್ಟಿ ಗೆರೆಯಾಗುತ್ತದೆ. ಪರ್ಸಿನಲ್ಲಿ ಅದು ಯಾರಿಗೂ ತಿಳಿಯುವಂಥದ್ದಲ್ಲ. ಚರ್ಮವನ್ನು ಎಷ್ಟು ತೆಳುವಾಗಿ ಹೆರೆದರೂ ಆ ಗೆರೆ ಅಲ್ಲೇ ಇರುತ್ತದೆ. ಎರಡನೆಯ ಗವಸಿನಲ್ಲಿ ಚರ್ಮ ಇನ್ನೂ ತೆಳುವಾದ್ದರಿಂದ ಗೆರೆ ಇನ್ನೂ ಚುಚ್ಚಿತ್ತು. ‘ನೋಡು ಮಗ, ಇಷ್ಟು ಕಾಲ ಕಳ್ಳನ್ನ ಮನೆಯೊಳಗೇ ಇಟ್ಕೊಂಡು ಬೀದೀಲಿ ಹುಡುಕಿದ್ದೀನಿ’ ಎಂದು ಅತ್ತೆ ಯಜಮಾನರಿಗೆ ಹೇಳಿದರು.

ದಾರಿ ಒಂದೇ ಇತ್ತು. ಉಜ್ಜುವುದನ್ನು ತಿರುಗಿಸಬೇಕು. ಕೊನೆಯಿಂದ ಮಡಿಕೆಯ ಕಡೆಗೆ ಉಜ್ಜಿದರೆ ಅಂಟು ಮಡಿಕೆಯ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ, ಹೆರೆದ ಕೊನೆ ಬರೀ ಚರ್ಮವಾಗಿ ಉಳಿಯುತ್ತದೆ. ಹೇಳುವುದೇನೋ ಸುಲಭ. ಆದರೆ ಹಾಗೆ ಹಿಂದಕ್ಕೆ ಉಜ್ಜಿದರೆ ತೆಳುವಾದ ಅಂಚು ಮುದುಡಿ ಮೇಲೇಳುತ್ತದೆ. ಅದೂ ಅಲ್ಲದೆ ಒಂದು ಆಯುಷ್ಯವೇ ಒಂದು ದಿಕ್ಕಿಗೆ ಓಡಿದ ಕೈ ಅದು. ಅತ್ತೆ ಎಲುಬು ಹಿಡಿದರೆ ಸಾಕು, ಅದು ತನ್ನ ಹಳೇ ದಾರಿಗೇ ಹೋಗುತ್ತಿತ್ತು. ‘ಥೂ, ಕತ್ತೆ!’ ಎಂದು ತಮ್ಮ ಕೈಗೇ ಬೈದುಕೊಳ್ಳುತ್ತಿದ್ದರು. ತುಂಡಿನ ಮೇಲೆ ತುಂಡು ಹಾಳಾದವು. ಆಮೇಲೆ ಎಡಗೈಯಲ್ಲಿ ಎಲುಬು ಹಿಡಿದರು. ಎಡಗೈಗೆ ಯಾವ ಹಳೇ ಚಾಳಿಯೂ ಇರಲಿಲ್ಲ, ಹೇಳಿದಂತೆ ಕೇಳಿತು.

ಅವರಿಗೆ ಕಾಯಲು ಸಮಯವಿರಲಿಲ್ಲ. ತುಟಿ ಮಾಗುತ್ತ ಬರುತ್ತಿತ್ತು. ಮಾಗಿದರೆ ಮತ್ತೆ ಕಿವುಡು. ಎಣ್ಣೆ, ಬೆಣ್ಣೆ ಏನೂ ಹಚ್ಚಲು ಬಿಡಲಿಲ್ಲ. ಖಾರ, ಉಪ್ಪು ತಾಗಿದರೆ ಜೀವ ಹೋದಂತಾಗುತ್ತಿತ್ತು, ಗಂಜಿಯನ್ನು ಚಮಚದಲ್ಲಿ ಬಾಯೊಳಗೆ ದೂರ ಇಟ್ಟು ನುಂಗುತ್ತಿದ್ದರು. ತೂತಿನ ಅಂಚನ್ನು ಸ್ವಲ್ಪ ಕೂರಿಸಿ ತುಟಿಗಿಡುವುದು, ಅದುರುವುದು, ಬಿಚ್ಚುವುದು, ಮತ್ತೆ ಕೂರಿಸುವುದು. ಪ್ರತಿ ಸಲ ಅವರು ತುಟಿಯ ಹತ್ತಿರ ತಂದಾಗ ನಾನು ಉಸಿರು ಹಿಡಿಯುತ್ತಿದ್ದೆ. ಎದುರುಮನೆಯಾಕೆ ಕಿಟಕಿಗೆ ಬಂದು, ಮಾಮೂಲಿನಂತೆ ಬಾಯಿ ತೆರೆದವಳು ನನ್ನ ಮುಖ ನೋಡಿ ಏನೂ ಕೇಳದೆ ಹೋದಳು.

ಕೊನೆಗೆ ಒಂದು ಮಧ್ಯಾಹ್ನ ಅವರು ಅಂಚನ್ನು ತುಟಿಯ ಮೇಲೆ ಸುತ್ತ ಹಾಯಿಸಿದರು. ಅದುರಲಿಲ್ಲ. ಇನ್ನೊಮ್ಮೆ, ಬೇಕೆಂದೇ ಒತ್ತಿ ಹಾಯಿಸಿದರು. ಮುಖದ ಮೇಲೆ ಏನೂ ಕದಲಲಿಲ್ಲ. ಕಣ್ಣು ತೆರೆದು ನನ್ನನ್ನು ನೋಡಿ, ‘ಏನೂ ಇಲ್ಲ ಕಣೇ. ಚರ್ಮ ಎಲ್ಲಿ ಮುಗೀತು ಅಂತ ನನಗೇ ಗೊತ್ತಾಗ್ತಿಲ್ಲ’ ಎಂದರು. ಈ ಸಲ ‘ಹ್ಞೂಂ’ ಕೂಡ ಹೇಳಲಿಲ್ಲ.

ಅಕ್ಕನನ್ನು ಕರೆಸಲಿಲ್ಲ, ನಾವೇ ಅಂಗಡಿಗೆ ಹೋದೆವು. ಗೋಡೆಯ ಮೊಳೆಗಳೆಲ್ಲ ಖಾಲಿ, ಇಸ್ತ್ರಿಪೆಟ್ಟಿಗೆಯನ್ನು ಒಂದು ರಟ್ಟಿನ ಡಬ್ಬಿಯಲ್ಲಿಟ್ಟು ಹಗ್ಗ ಕಟ್ಟಿದ್ದಳು. ಗವಸು ಕಂಡು ಅವಳ ಮುಖದಲ್ಲಿ ಆಸೆ ಬರಲಿಲ್ಲ, ಆಯಾಸ ಬಂತು. ‘ಇನ್ನೊಂದು ಸಲ ನೋಡಮ್ಮ, ಮುದುಕಿಯ ಮಾತಿಗೆ’ ಎಂದರು ಅತ್ತೆ. ಅಕ್ಕ ಹಾಕಿಕೊಂಡಳು. ಮೇಜಿನ ಮೇಲೆ ಹಾಸಿದ್ದ ದಪ್ಪ ಬಟ್ಟೆಯ ಮೇಲೇ ಕೈ ಸವರಿದಳು. ಮತ್ತೆ ಸವರಿದಳು. ಆಮೇಲೆ ನನ್ನ ಹೆಗಲ ಮೇಲಿದ್ದ ಸೆರಗನ್ನೇ ಎಳೆದು ಮೇಜಿನ ಮೇಲೆ ಹಾಕಿ ಸವರತೊಡಗಿದಳು, ನಾನು ಬಗ್ಗಿ ನಿಂತುಕೊಂಡೆ. ಸಾಕಷ್ಟು ಹೊತ್ತಾದ ಮೇಲೆ ಗವಸು ಬಿಚ್ಚಿ ಹೆಬ್ಬೆರಳಿನ ಬುಡ ನೋಡಿಕೊಂಡಳು. ಗೆರೆ ಇರಲಿಲ್ಲ.

‘ಏನೂ ಇಲ್ಲ’ ಎಂದಳು. ‘ಅಮ್ಮಾ, ಅಲ್ಲೇನೂ ಇಲ್ಲ!’ ಹಾಗೆನ್ನುತ್ತ ತಲೆ ಎತ್ತಿದವಳು ಅತ್ತೆಯ ಮುಖ ಹತ್ತಿರದಿಂದ ನೋಡಿದಳು.

‘ತುಟಿಗೆ ಏನಾಯ್ತಮ್ಮ?’

‘ಹಾಲು’ ಎಂದರು ಅತ್ತೆ.

ಸುಟ್ಟ ಚರ್ಮ ಎಂದರೆ ಏನೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅಕ್ಕ. ಅವಳು ನನ್ನ ಕಡೆ ನೋಡಿದಳು. ನನಗೆ ಸುಳ್ಳು ಹೇಳಲಾಗಲಿಲ್ಲ, ತಲೆ ತಗ್ಗಿಸಿದೆ. ಯಾರಿಗೂ ಮುಟ್ಟಲು ಕೊಡದ ಆ ಬರಿಯ ಅಂಗೈಯನ್ನು ಅವಳು ತಾನಾಗಿಯೇ ಎತ್ತಿ ಅತ್ತೆಯ ಮುಖದ ಹತ್ತಿರ ಹಿಡಿದಳು.

ಅತ್ತೆ ಅದನ್ನು ಎರಡೂ ಕೈಗಳಲ್ಲಿ ಕೆಳಗಿನಿಂದ ಆನಿಸಿಕೊಂಡರು. ಕಣ್ಣು ಮುಚ್ಚಿದರು. ಹೊಸ ಚರ್ಮ ಹಳೆಯ ಚರ್ಮವನ್ನು ಸೇರುವಲ್ಲಿ, ಮಣಿಕಟ್ಟಿನಿಂದ ಹೆಬ್ಬೆರಳಿನವರೆಗೆ, ತುಟಿಯನ್ನು ಮೆಲ್ಲಗೆ ಹಾಯಿಸಿದರು. ಅಕ್ಕ ಕೈ ಹಿಂದಕ್ಕೆ ತೆಗೆಯಲಿಲ್ಲ.

‘ಇಲ್ಲಿ ಚೆನ್ನಾಗಿ ಕೂತಿ. . . ಕೂತಿದೆ’ ಎಂದರು ಅತ್ತೆ. ತುಟಿ ಉರಿಯುತ್ತಿತ್ತು, ಮಾತು ತಡೆದು ತಡೆದು ಬಂತು. ಹೆಬ್ಬೆರಳಿನ ಬುಡದಲ್ಲಿ ನಿಂತರು. ‘ಇಲ್ಲಿ ಸ್ವಲ್ಪ ಎದ್ದಿದೆ. ಇಲ್ಲಿನ ಕೆಲಸ ಇನ್ನೂ ನಡೀತಿದೆ ಕಣಮ್ಮ. ಯಾರು ಮಾಡ್ತಿದ್ದಾರೋ, ಒಳ್ಳೆ ಕೈ. ಆತುರ ಪಡ್ಬೇಡ, ಮುಗಿಸ್ತಾರೆ.’

ಅಕ್ಕ ಅತ್ತುಬಿಟ್ಟಳು. ಆಸ್ಪತ್ರೆಯಲ್ಲಿ ಅಳದವಳು, ಅಂಗಡಿ ಬಿಡುತ್ತೇನೆ ಎಂದು ಹೇಳುವಾಗ ಅಳದವಳು, ಮೇಜಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳ ಕೈ ಬಿಡಲಿಲ್ಲ. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ನಾನು ಬಗ್ಗಿ, ಆ ರಟ್ಟಿನ ಡಬ್ಬಿಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚತೊಡಗಿದೆ.